ಹದಿನಾಲ್ಕು ವರ್ಷ ಕರ್ತನ ಭೋಜನ ಮುಟ್ಟದ ತಾಯಿ

ಇದನ್ನು ಕಳಿಸಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ... ಕೊನೆಗೆ ಕಳಿಸುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಗದಗದ ಕಡೆ ನಮ್ಮ ಹಳ್ಳಿಯ ಚರ್ಚಿನಲ್ಲಿ ತಬಿತವ್ವ ಎಂಬ ತಾಯಿ ಇದ್ದಳು. ಶನಿವಾರ ಚರ್ಚ್ ಗುಡಿಸಿ, ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂರುವವಳು.

ಆದರೆ ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವಾಗ... ಅವಳು ಕೂತಲ್ಲಿಂದ ಏಳುತ್ತಿರಲಿಲ್ಲ!

ನಮ್ಮಲ್ಲೊಂದು ಪದ್ಧತಿ ಇದೆ. ಹಿಂದಿನ ದಿನ ಸಭೆಯ ಹಿರಿಯರು ಮನೆಮನೆಗೆ ಬಂದು, "ಮನ್ಯಾಗ ಯಾರ ಮ್ಯಾಲರ ದ್ವೇಷ ಐತೇನು?" ಎಂದು ಕೇಳುತ್ತಾರೆ. ಇದ್ದವರು ಭೋಜನ ಮುಟ್ಟುವಂತಿಲ್ಲ.

ನಾವೆಲ್ಲ ಹಲ್ಲು ಕಿರಿದು "ಇಲ್ರೀ" ಎನ್ನುತ್ತೇವೆ. ತಬಿತವ್ವ ಮಾತ್ರ "ಐತ್ರಿ" ಎನ್ನುತ್ತಿದ್ದಳು.

ಇರದೆ ಇನ್ನೇನು... ಹೊಲದ ಬದುವಿನ ಜಗಳದಲ್ಲಿ ಮೈದುನ ಯೋಬಪ್ಪ ಅವಳ ಗಂಡನನ್ನು ಕೊಡಲಿಯಿಂದ ಕಡಿದು ಕೊಂದಿದ್ದ. ಒಂದೇ ಏಟಲ್ಲ, ಮೂರು. ಅದೂ ಒಂಬತ್ತು ವರ್ಷದ ಮಗ ಆಮೋಸನ ಕಣ್ಣೆದುರಿಗೇ. ಅಪ್ಪನ ರಕ್ತ ಮಗನ ಅಂಗಿಗೆ ಸಿಡಿದಿತ್ತು.

ಅಂದಿನಿಂದ ಆಮೋಸನದು ಒಂದೇ ಮಾತು. "ಅವ ಹೊರಗ ಬರ್ಲಿ... ಕಡೀತೀನಿ."

ಅವ್ವ ಭೋಜನ ಬಿಟ್ಟದ್ದೂ ಯೋಬಪ್ಪನ ಮೇಲಿನ ಸಿಟ್ಟಿಗೇ ಎಂದು ಅವನು ನಂಬಿದ್ದ. ನಾವೂ ಹಾಗೇ ನಂಬಿದ್ದೆವು.

ಹದಿನಾಲ್ಕು ವರ್ಷ ಕಳೆಯಿತು. ಮೊನ್ನೆ ತಬಿತವ್ವ ತೀರಿಕೊಂಡಳು.

ಪೆಟ್ಟಿಗೆಯನ್ನು ಕುಣಿಗೆ ಇಳಿಸಿ ಒಬ್ಬೊಬ್ಬರೇ ಒಂದು ಹಿಡಿ ಮಣ್ಣು ಹಾಕುತ್ತಿದ್ದೆವು. ಅಷ್ಟರಲ್ಲಿ ಯೋಬಪ್ಪ ಬಂದ! ಜೈಲಿನಿಂದ ಬಿಡುಗಡೆಯಾಗಿ ವಾರವೂ ಆಗಿರಲಿಲ್ಲ.

"ನಮ್ಮಪ್ಪನ್ನ ಕಡದಿ... ಈಗ ನಮ್ಮವ್ವನ ಮ್ಯಾಲೆ ಮಣ್ಣು ಹಾಕಾಕ ಬಂದೀ ಏನಲೇ?"

ಆಮೋಸ ಅವನ ಮುಖಕ್ಕೆ ಗುದ್ದಿದ. ಹಲ್ಲು ಮುರಿದು ಬಾಯಿ ತುಂಬ ರಕ್ತ. ಕೆಡವಿ ಎದೆಗೆ ಒದ್ದ... ಮತ್ತೆ ಒದ್ದ. ಯೋಬಪ್ಪ ಕೈ ಕೂಡ ಅಡ್ಡ ಹಿಡಿಯಲಿಲ್ಲ.

ನಾವು ಐವತ್ತು ಜನ ಇದ್ದೆವು. ಇಬ್ಬರು ಮಹಾನುಭಾವರು ಫೋನ್ ತೆಗೆದು ವಿಡಿಯೋ ಮಾಡುತ್ತಿದ್ದರು! ನಾನೇನು ಕಡಿಮೆ... ಪಾಸ್ಟರ್ ಬೆನ್ನ ಹಿಂದೆ ಅಡಗಿ ನಿಂತಿದ್ದೆ.

ಆಮೋಸ ಕುಣಿ ತೋಡಿದ ಸಲಿಕೆ ಕಿತ್ತುಕೊಂಡು ಅವನ ತಲೆಯ ಮೇಲೆ ಎತ್ತಿದ.

"ಇವನ ಸಲುವಾಗಿ ನಮ್ಮವ್ವ ಹದಿನಾಕ ವರ್ಷ ಭೋಜನ ಮುಟ್ಟಲಿಲ್ಲ!"

"ಇವನ ಸಲುವಾಗಿ ಅಲ್ಲೋ ಆಮೋಸಾ... ನಿನ್ನ ಸಲುವಾಗಿ!"

ಕೂಗಿದವರು ಶಾಂತಪ್ಪ... ಪ್ರತಿ ತಿಂಗಳು ಅವಳ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಿರಿಯರು.

"ನಿಮ್ಮವ್ವ ಎರಡನೇ ವರ್ಷನ ಇವನ್ನ ಕ್ಷಮಿಸ್ಯಾಳ. ಜೈಲಿಗೆ ಹೋಗಿ ಹೇಳಿ ಬಂದಾಳ, ನಾನ ಜೋಡಿ ಹೋಗಿದ್ದೆ. 'ಇನ್ನ ಭೋಜನ ತಗೋ ತಂಗಿ' ಅಂದೆ. ಏನಂದ್ಲು ಗೊತ್ತೇನು?"

ಮುದುಕರು ಕುಣಿಯೊಳಗಿನ ಪೆಟ್ಟಿಗೆಯ ಕಡೆ ಕೈ ಮಾಡಿದರು.

"'ನನ್ನ ಸಿಟ್ಟು ಹೋತ್ರಿ, ನನ್ನ ಮಗಂದು ಹೋಗಿಲ್ಲ. ಅವಗ ಆ ರೊಟ್ಟಿ ಇಲ್ಲ ಅಂದಮ್ಯಾಲೆ ನನಗ್ಯಾಕ? ಮಗ ಹಸ್ದು ಕುಂತಾಗ ತಾಯಿ ಉಣ್ತಾಳೇನ್ರಿ? ಅವಗ ಹೇಳಬ್ಯಾಡ್ರಿ... ತಾನಾಗೇ ಬಿಡ್ಲಿ' ಅಂದ್ಲು."

ಸಲಿಕೆ ಕೈ ಜಾರಿ ಬಿತ್ತು. ಆಮೋಸ ಕುಣಿಯ ಅಂಚಿಗೆ ಕುಸಿದು ಮಗುವಿನ ಹಾಗೆ ಅತ್ತ.

"ಬಿಟ್ಟೆನಬೇ ಯವ್ವಾ... ಬಿಟ್ಟೆ... ಈಗರ ಉಣ್ಣಬೇ..."

ಎಷ್ಟೋ ಹೊತ್ತಿನ ಮೇಲೆ ಎದ್ದು, ರಕ್ತದಲ್ಲಿ ಬಿದ್ದಿದ್ದವನ ರಟ್ಟೆ ಹಿಡಿದು ಎಬ್ಬಿಸಿದ. ಅವನ ಮುಷ್ಟಿಗೆ ತಾನೇ ಮಣ್ಣು ತುಂಬಿದ.

"ಹಾಕು ಕಾಕಾ."

*

ನಮ್ಮ ಸಿಟ್ಟು ನಮ್ಮದಷ್ಟೇ ಅಂದುಕೊಳ್ಳುತ್ತೇವೆ... ಅದಕ್ಕೆ ಉಪವಾಸ ಬೀಳುವವರು ನಮ್ಮನ್ನು ಹೆತ್ತವರು.

ನಿಮ್ಮ ಹಟ ಮುಗಿಯಲಿ ಎಂದು ನಿಮ್ಮ ಮನೆಯಲ್ಲಿ ಹಸಿದು ಕೂತವರು ಯಾರು... ಇವತ್ತಾದರೂ ಕೇಳುತ್ತೀರಾ?