ಒಪ್ಪಿಗೆಯ ಲೋಟ

ನೀರು ಅಳೆದು ಹಂಚುವ ಈ ಕಾಲದಲ್ಲಿ, ಹೆಣ್ಣು ನೋಡಲು ಬಂದವರು ನೀರಿನ ಲೋಟವನ್ನು ತುಟಿಗೆ ಮುಟ್ಟಿಸಿ ತುಂಬಿದಂತೆಯೇ ಮರಳಿಸುವುದು ಮರ್ಯಾದೆ. ಪೂರ್ತಿ ಕುಡಿದರೆ ಮದುವೆಗೆ ಒಪ್ಪಿದಂತೆ. ಏಕೆಂದರೆ ಆ ಲೋಟ ಒಂದು ಮನೆಯ ಇಡೀ ದಿನದ ನೀರು.

ಬೇಡವೆಂದು ಹೇಳಲೆಂದೇ ಬಂದಿದ್ದ ಹುಡುಗನ ತಂದೆ ಗುರುಪಾದಪ್ಪ ಲೋಟ ಹಿಡಿದವರು ಮುಟ್ಟಿಸಲೂ ಇಲ್ಲ, ಮರಳಿಸಲೂ ಇಲ್ಲ. ಬೆನ್ನಿನ ಬಲಬದಿಯಿಂದ ತೊಡೆಸಂದಿಯವರೆಗೆ ಯಾರೋ ಸೀಳಿದಂತಾಗಿ ಹಣೆ ಬೆವರಿತು. ಕೂರಲಾಗದೆ ಎದ್ದರು, ನಿಲ್ಲಲಾಗದೆ ಕುಳಿತರು. ನೀರು ತುಳುಕಿತು. ಎಲ್ಲರ ಕಣ್ಣೂ ಲೋಟದ ಮೇಲೆ.

ಹುಡುಗಿ ಕಸ್ತೂರಿ ಮಾತ್ರ ಅವರ ಮುಖ ನೋಡಿದಳು.

"ಮೂತ್ರದ ಕಲ್ಲು ಇಳೀಲಿಕತ್ತದ್ರಿ ಕಾಕಾ. ನಮ್ಮಪ್ಪಗೂ ಹಿಂಗ ಆಗ್ತಿತ್ತು. ನೀರು ಸಾಲಲಿಲ್ಲಂದ್ರ ಉಪ್ಪು ಒಳಗ ಹರಳಾಗ್ತದ. ಕುಡೀರಿ."

"ಕುಡದ್ರ ಒಪ್ಪಿದಂಗ ಆಗ್ತದವಾ."

"ಇದು ಒಪ್ಪಿಗಿ ಅಲ್ರಿ, ಔಷಧ."

ಅವಳ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಪಾದಪ್ಪ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದರು. ನೋವು ಹೋಗಲಿಲ್ಲ. ಗೋಡೆ ಹಿಡಿದು ನಿಂತರು.

"ಔಷಧ ಆತು. ಇನ್ನ ಒಪ್ಪಿಗಿ ನೀರು ತಗೊಂಡ್ಬಾರವ್ವಾ."

ತಾಯಿ ಕೊಡವನ್ನು ಬೋರಲು ಮಾಡಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

ಗುರುಪಾದಪ್ಪ ಖಾಲಿ ಲೋಟವನ್ನೇ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಗುಟುಕು ಗುಟುಕಾಗಿ ಕುಡಿದು ಮುಗಿಸಿದರು.