ಇದ್ದಿಲ ಗೆರೆ

"ಗೋಡೆ ಮೇಲಿನ ಗೆರೆ ದಾಟ್ತಾ ಇದೀರಾ?" ಡಾಕ್ಟರ್ ಉಮಾಮಹೇಶ್ವರ ಕೇಳಿದರು.

"ದಿನಾ ದಾಟ್ತೀನಿ ಡಾಕ್ಟ್ರೇ. ಒಂದು ದಿನಾನೂ ತಪ್ಪಿಲ್ಲ," ಎಂದಳು ಗುಲ್ಜಾರ್ ಬೇಗಂ. ಪಕ್ಕದ ಸ್ಟೂಲಿನ ಮೇಲಿದ್ದ ಅವಳ ಗಂಡ ಕಲೀಮುಲ್ಲಾ ಟೋಪಿ ತೆಗೆದು, ಮಡಚಿ, ಬಿಡಿಸಿ, ಮತ್ತೆ ತಲೆಗಿಟ್ಟುಕೊಂಡ.

ಉಮಾಮಹೇಶ್ವರ ಭುಜದ ಡಾಕ್ಟರು. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಿಂದ ತಿಂಗಳಿಗೊಮ್ಮೆ ಕೊಪ್ಪಕ್ಕೆ ಬಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಜೀಪು ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸಲು ಹೋಗಿ ಕೀಲು ತಪ್ಪಿಸಿಕೊಂಡವರು ಬಸರೀಕಟ್ಟೆಯಿಂದಲೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಕಲೀಮುಲ್ಲಾನದು ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆ ರಿಪೇರಿ ಅಂಗಡಿ. ಹಿಂದಿನ ಸಲ, ಗುಲ್ಜಾರಳ ಭುಜ ಹಿಡಿದುಕೊಂಡದ್ದೇಕೆಂದು ಡಾಕ್ಟರು ಅವನಿಗೆ ತಿಳಿಯುವ ಹಾಗೆಯೇ ಹೇಳಿದ್ದರು. "ಒದ್ದೆ ಕೊಡೆ ಮಡಚಿ ಮೂಲೆಗಿಟ್ರೆ ಬಟ್ಟೆಗೆ ಬಟ್ಟೆ ಅಂಟ್ಕೊಳ್ಳಲ್ವಾ? ಇವರ ಕೀಲಿನ ಚೀಲಾನೂ ಹಾಗೇ ಅಂಟಿದೆ. ದಿನಾ ಸ್ವಲ್ಪ ಸ್ವಲ್ಪ ಬಿಡಿಸ್ಬೇಕು. ಗೋಡೆಗೆ ಬೆರಳಿಟ್ಟು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ. ನಿಂತಲ್ಲಿ ಒಂದು ಇದ್ದಿಲ ಗೆರೆ. ಮಾರನೇ ದಿನ ಅದನ್ನ ದಾಟ್ಬೇಕು." ತಿಂಗಳೊಳಗೆ ಕೈ ತಲೆಗಿಂತ ಮೇಲೆ ಹೋಗದಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ಬಲವಂತವಾಗಿ ಬಿಡಿಸಬೇಕಾದೀತು ಎಂದೂ ಹೇಳಿದ್ದರು.

ಮೊದಮೊದಲು ಗುಲ್ಜಾರ್ ಹಿಂದಿನ ದಿನದ ಗೆರೆಯನ್ನೂ ಮುಟ್ಟಲಾಗದೆ ಅತ್ತುಬಿಡುತ್ತಿದ್ದಳು. ಕಲೀಮುಲ್ಲಾನಿಗೆ ನೋಡಲಾಗಲಿಲ್ಲ. ಅವಳು ಒಲೆಯ ಮುಂದಿದ್ದಾಗ ಒದ್ದೆ ಬಟ್ಟೆಯಲ್ಲಿ ಪಡಸಾಲೆ ಗೋಡೆಯ ಗೆರೆ ಒರೆಸಿ, ಬೆರಳಗಲ ಕೆಳಗೆ ಹೊಸದೊಂದು ಎಳೆದ. ಮರುದಿನ ಅವಳು ಅದನ್ನು ದಾಟಿ, "ನೋಡಿ, ಇಲ್ನೋಡಿ" ಎಂದು ನಕ್ಕಳು. ಆ ನಗುವಿಗಾಗಿ ಅವನು ದಿನಾ ಒರೆಸಿದ, ದಿನಾ ಎಳೆದ.

"ಹಾಗಾದ್ರೆ ಚೀಲ ಸಡಿಲ ಆಗಿರ್ತದೆ," ಎಂದು ಡಾಕ್ಟರು ಎದ್ದರು. "ಉಳಿದದ್ದನ್ನ ನಾನೇ ಒಂದ್ಸಲ ಒತ್ತಿ ಬಿಡಿಸ್ತೀನಿ. ಹಲ್ಲು ಕಚ್ಚಿ ಹಿಡ್ಕೊಳ್ಳಿ." ಒಂದು ಅಂಗೈಯನ್ನು ಅವಳ ಬೆನ್ನಿನ ಹಲಗೆಮೂಳೆಯ ಮೇಲಿಟ್ಟು, ಇನ್ನೊಂದನ್ನು ಮೊಣಕೈಯ ಕೆಳಗೆ ಕೊಟ್ಟರು. "ಇಲ್ಲಿ ಹಿಡ್ಕೊಳ್ಳದೆ ಇದ್ರೆ ಆಗಲ್ಲ. ಭುಜ ಮಹಾ ಕಳ್ಳ. ಕೀಲು ಏಳದಿದ್ರೆ ಬೆನ್ನಿನ ಮೂಳೆ ಎತ್ತಿ, ಕೈ ಎದ್ದ ಹಾಗೆ ತೋರಿಸ್ತದೆ."

ಅಂಟಿದ ಕೊಡೆಯನ್ನು ಜಗ್ಗಿ ಬಿಡಿಸಿದರೆ ಏನಾಗುತ್ತದೆಂದು ಕಲೀಮುಲ್ಲಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಡ್ಡಿಯ ಉದ್ದಕ್ಕೂ ಬಟ್ಟೆ ಹರಿಯುವ ಸದ್ದು ಅವನ ಕಿವಿಯಲ್ಲೇ ಕೇಳಿಸಿತು.

"ಒತ್ತಬೇಡಿ ಡಾಕ್ಟ್ರೇ." ಅವನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಅವಳು ದಾಟಿಲ್ಲ. ನಾನೇ ಗೆರೆ ಇಳಿಸಿದ್ದು."

"ಯಾವತ್ತು?"

"ದಿನಾ."

ಡಾಕ್ಟರು ಅವಳ ಮೊಣಕೈಯನ್ನು ಮೆಲ್ಲನೆ ಮಡಿಲಿಗಿಳಿಸಿದರು. ಕಲೀಮುಲ್ಲಾ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

"ಕಳ್ಳ ಭುಜ ಎಷ್ಟೋ ನೋಡಿದೀನಿ ಮಾರಾಯ್ರೇ," ಎಂದರು ಡಾಕ್ಟರು. "ಜೊತೆಗೊಬ್ಬ ಕಳ್ಳ ಗಂಡನೂ ಇರೋದು ಇದೇ ಮೊದಲು." ಆಮೇಲೆ ಅವರ ದನಿ ಇಳಿಯಿತು. "ಇನ್ನೇನು ಮಾಡೋದು. ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ." ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಬರೀಬೇಡಿ," ಎಂದಳು ಗುಲ್ಜಾರ್. ಗಂಡನ ಕಡೆ ನೋಡದೆ ಎದ್ದು ಗೋಡೆಯ ಹತ್ತಿರ ಹೋಗಿ ನಿಂತಳು. "ನಂಗೆ ಹಿಡ್ಕೊಂಡಿದ್ದು ಭುಜ, ಕಣ್ಣಲ್ಲ."

ಅವಳ ಬೆರಳುಗಳು ಗೋಡೆ ಹತ್ತತೊಡಗಿದವು. ಡಾಕ್ಟರು ಪೆನ್ನು ಬಿಟ್ಟು ಬಂದು ಬೆನ್ನಿನ ಮೂಳೆಗೆ ಅಂಗೈ ಒತ್ತಿ ಹಿಡಿದರು. ಈ ಸಲ ಅದು ಮೋಸ ಮಾಡಲಿಲ್ಲ. ಬೆರಳುಗಳು ಕಿವಿ ದಾಟಿದವು, ತಲೆ ದಾಟಿದವು, ಕ್ಯಾಲೆಂಡರು ತೂಗುಹಾಕಿದ್ದ ಮೊಳೆ ಮುಟ್ಟಿದವು. ಅಲ್ಲಿ ಅವಳು ತುಟಿ ಕಚ್ಚಿ ನಿಂತಳು.

"ಎಲ್ಲಿ ಮಾಡಿದ್ರಿ ಇದನ್ನ?"

"ಒಳಕೋಣೆ ಬಾಗಿಲ ಹಿಂದೆ. ಇವರು ಅಂಗಡಿಗೆ ಹೋದ್ಮೇಲೆ."

"ಮತ್ತೆ ಇವರ ಗೆರೆ ಹತ್ರ ದಿನಾ ಯಾಕೆ ನಿಲ್ತಿದ್ರಿ?"

ಗುಲ್ಜಾರ್ ಕೈ ಇಳಿಸಿ ಬುರ್ಖಾ ಸರಿಮಾಡಿಕೊಂಡಳು. "ನಾನು ಅತ್ರೆ ಇವರು ತಟ್ಟೆ ಮುಂದೆ ಸುಮ್ನೆ ಕೂತಿರೋರು. ನಕ್ಕ ದಿನ ಉಣ್ತಿದ್ರು."

ಕಲೀಮುಲ್ಲಾ ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದ. ಅದು ನೆಟ್ಟಗೇ ನಿಂತಿದ್ದರೂ ಮತ್ತೊಮ್ಮೆ ಸರಿಸಿದ. ಡಾಕ್ಟರು ಕಾಗದವನ್ನು ಖಾಲಿಯಾಗಿಯೇ ಮಡಚಿ ಜೇಬಿಗೆ ಹಾಕಿಕೊಂಡರು.

"ಮುಂದಿನ ತಿಂಗಳು ಬನ್ನಿ," ಎಂದು ಗುಲ್ಜಾರಳಿಗೆ ಹೇಳಿದರು. "ಇವರನ್ನ ಮನೇಲಿ ಬಿಟ್ಟೇ ಬನ್ನಿ."

ಕಲೀಮುಲ್ಲಾ ಆ ದಿನ ಅಂಗಡಿ ತೆರೆಯಲಿಲ್ಲ. ಮನೆಗೆ ಬಂದವನೇ ಒಳಕೋಣೆಗೆ ಹೋಗಿ ಬಾಗಿಲನ್ನು ಮುಂದಕ್ಕೆಳೆದು ಹಿಂದೆ ನೋಡಿದ. ಇದ್ದಿಲ ಗೆರೆಗಳು ಎದೆಯ ಮಟ್ಟದಿಂದ ಹೊರಟು, ಒಂದರ ಮೇಲೊಂದು, ಬಾಗಿಲ ಚೌಕಟ್ಟಿನವರೆಗೂ ಹತ್ತಿಹೋಗಿದ್ದವು. ಭುಜದ ಮಟ್ಟದಲ್ಲಿ ಮಾತ್ರ ಅವು ಮೇಲೇರದೆ, ಗೆರೆಯ ಮೇಲೆಯೇ ಗೆರೆ ಬಿದ್ದು, ಗೋಡೆ ಕಪ್ಪುಗಟ್ಟಿಹೋಗಿತ್ತು. ಇಲ್ಲಿ ಏರಲಾಗದಿದ್ದರೂ ಪಡಸಾಲೆಯಲ್ಲಿ ಅವಳು ನಕ್ಕ ದಿನಗಳೆಲ್ಲ ಅಲ್ಲಿದ್ದವು.