ಸುಣ್ಣದ ಮೇಲಿನ ಅರಿಸಿನ

ದಾಕ್ಷಾಯಿಣಿ ಅರಿಸಿನಕ್ಕೆ ಬೇಲದ ಅಂಟು ಕಲಸಿ, ಗುಂಡ್ಲುಪೇಟೆಯ ಗುಜರಿಯಿಂದ ತಂದ ಕನ್ನಡಿಯ ಚೌಕಟ್ಟಿಗೆ ಬಳಿಯತೊಡಗಿದಳು. ಬಣ್ಣ ಚೆನ್ನಾಗಿ ಬಂದರೆ ನಡುಮನೆಗೆ, ಕೆಟ್ಟರೆ ನೀರೊಲೆಗೆ ಎಂದು ಅಜ್ಜಿ ಗುರುಮಲ್ಲಮ್ಮ ಮೊದಲೇ ಹೇಳಿಬಿಟ್ಟಿದ್ದಳು.

ಕುಂಚ ಎಳೆದಲ್ಲೆಲ್ಲ ಹಳದಿ ಕಣ್ಣೆದುರೇ ಕೆಂಪಾಯಿತು. ಹಳದಿ ಎದ್ದು ಕಾಣಲೆಂದು ಬೆಳಿಗ್ಗೆ ಚೌಕಟ್ಟಿಗೆ ಸುಣ್ಣ ಹೊಡೆದದ್ದು ಅವಳಿಗೆ ಆಗ ನೆನಪಾಯಿತು.

“ಸುಣ್ಣದ ಮ್ಯಾಲೆ ಅರಿಸ್ನ ಬಳುದ್ಬುಟ್ಟಾ ಅಮ್ಮಿ? ಕನ್ನಡಿಗೇ ಆರತಿ ಎತ್ತಂಗಾಯ್ತಲ್ಲ,” ಎಂದು ಅಜ್ಜಿ ನಕ್ಕಳು.

ಇಂಥ ಕೆಂಪನ್ನು ದಾಕ್ಷಾಯಿಣಿ ಯಾವ ಅಂಗಡಿಯ ಡಬ್ಬಿಯಲ್ಲೂ ಕಂಡಿರಲಿಲ್ಲ. ಉಳಿದ ಬದಿಗಳಿಗೂ ಸರಸರ ಬಳಿದು, ಕನ್ನಡಿಯನ್ನೆತ್ತಿ ಅಜ್ಜಿಯ ಮುಖಕ್ಕೆ ಹಿಡಿದಳು. ಅಜ್ಜಿಯ ನಗು ನಿಂತಿತು. ಸೆರಗು ಸರಿಮಾಡಿಕೊಂಡು, ಗಲ್ಲವನ್ನು ಅತ್ತಿತ್ತ ತಿರುಗಿಸಿ ನೋಡಿಕೊಳ್ಳತೊಡಗಿದಳು.

“ಅಜ್ಜಿ, ನಡುಮನೇಲಿ ತೂಗಾಕಕ್ಕೆ ಒಂದು ಮೊಳೆ ಕೊಡು,” ಎಂದು ದಾಕ್ಷಾಯಿಣಿ ಎರಡು ಸಲ ಕೇಳಿದಳು.